ಮನೆಯೊಳಗಣ ವಿದ್ಯೆಯೂ ಮಕ್ಕಳ ನಲಿವೂ

(ಶ್ರೀಮಠದ ಮಹೋತ್ಸವದ ಎರಡನೆಯ ದಿವಸ ಮಾತೆಯರ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಮಕ್ಕಳ ವಿದ್ಯಾಭ್ಯಾಸವನ್ನು ಕುರಿತು ಎರಡು ಮಾತುಗಳನ್ನು ಹೇಳಬೇಕೆಂದು ನನಗೆ ಅಪ್ಪಣೆಯಾಗಿರುವುದು. ಪಾಠಶಾಲೆಯಲ್ಲಿ ಅಮರವನ್ನೂ ಶಬ್ದಮಣಿದರ್ಪಣವನ್ನೂ ಉರುಹೊಡೆದು ಬೆಳೆದ ನಾನು ಹೊಸ ಕಾಲದ ಶಿಕ್ಷಣಶಾಸ್ತ್ರದಲ್ಲಿ ಪಂಡಿತನಲ್ಲ. ಆದರೂ ಮಠದ ಜಗಲಿಯ ಮೇಲೆ ಕುಳಿತವನಿಗೆ ಮನೆಮನೆಯ ಸುಖದುಃಖಗಳು ತಾವಾಗಿಯೇ ಕಿವಿಗೆ ಬೀಳುವುವಷ್ಟೆ. ಅವುಗಳಲ್ಲಿ ಒಂದನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ವಿವರಿಸುವೆನು.

ಹಲಸೂರಿನಿಂದ ದರ್ಶನಕ್ಕೆ ಬರುವ ಒಬ್ಬ ತಾಯಿಯು ಒಂದು ದಿವಸ, “ಶಾಸ್ತ್ರಿಗಳೇ, ನಮ್ಮ ಹುಡುಗ ಇಂಗ್ಲಿಷ್ ಪುಸ್ತಕವನ್ನು ಹೇಗೋ ಓದುತ್ತಾನೆ. ಕನ್ನಡ ಪುಸ್ತಕ ತೆಗೆದರೆ ಸಾಕು, ಹೊಟ್ಟೆನೋವು ಎನ್ನುತ್ತಾನೆ. ಸಂಜೆಯಾದರೆ ನಮ್ಮ ಮನೆಯಲ್ಲಿ ಅಳುವೇ ಅಳು” ಎಂದು ಹೇಳಿಕೊಂಡಳು. ಈ ಮಾತನ್ನು ಒಬ್ಬಳೇ ತಾಯಿಯು ಹೇಳಿದ್ದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲ. ಶಿವಾಜಿನಗರದಿಂದ ಬಂದವರೂ ಕೃಷ್ಣರಾಜಪುರದಿಂದ ಬಂದವರೂ ಇದನ್ನೇ ಬೇರೆ ಬೇರೆ ಮಾತುಗಳಲ್ಲಿ ಹೇಳಿದ್ದಾರೆ. ನಾವು ಇಂದು ಇಷ್ಟೊಂದು ಶ್ರದ್ಧೆಯಿಂದ ಮಹೋತ್ಸವದ ಸಂಚಿಕೆಯನ್ನು ಅಚ್ಚುಹಾಕಿಸುತ್ತಿದ್ದೇವೆ. ಆ ಸಂಚಿಕೆಯ ಒಂದು ಪುಟವನ್ನಾದರೂ ಓದಲಾರದ ಮಕ್ಕಳು ನಮ್ಮ ಮನೆಗಳಲ್ಲಿಯೇ ಬೆಳೆಯುತ್ತಿದ್ದಾರೆ. ಅಜ್ಜನು ಪೂಜೆಯ ಹೊತ್ತಿನಲ್ಲಿ ಬಾಯಿಪಾಠವಾಗಿ ಹೇಳುವ ವಚನವು ಮೊಮ್ಮಗನ ಕಿವಿಗೆ ಬೀಳುವುದು. ಆದರೆ ಅದೇ ವಚನವು ಪುಸ್ತಕದಲ್ಲಿ ಕಂಡರೆ ಅವನಿಗೆ ಗುರುತು ಸಿಕ್ಕುವುದಿಲ್ಲ. ನನ್ನ ಚಿಂತೆಯ ಮೂಲವು ಇದು.

ಇದು ಹೀಗೇಕಾಯಿತು ಎಂಬುದಕ್ಕೆ ಈ ಊರಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ನೆಲೆಸಿತು. ದಂಡಿನ ಹಿಂದೆ ತಮಿಳು, ತೆಲುಗು, ಉರ್ದು ಮಾತನಾಡುವ ವರ್ತಕರೂ ಕುಶಲಕರ್ಮಿಗಳೂ ಬಂದು ನೆಲೆಯೂರಿದರು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ಕೈಗೆ ಮರಳಿ ಬಂದಾಗಲೂ ದಂಡಿನ ಪ್ರದೇಶವು ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ. ಪೇಟೆ ಮತ್ತು ದಂಡು ಎರಡೂ ಒಂದೇ ನಗರಸಭೆಯ ಕೆಳಗೆ ಬಂದದ್ದು 1949ರಲ್ಲಿ. ಹೀಗೆ ನೂರನಲವತ್ತು ವರ್ಷಗಳ ಕಾಲ ಬೇರೆ ಬಗೆಯಲ್ಲಿ ಬೆಳೆದ ಈ ಭಾಗದಲ್ಲಿ ಒಂದು ಬೀದಿಯೊಳಗೆ ನಾಲ್ಕು ನುಡಿಗಳು ಕೇಳಿಬರುವುದು ಸಹಜವೇ ಸರಿ. ಇದು ನಿಂದಿಸತಕ್ಕ ವಿಷಯವಲ್ಲ. ನೆರೆಯವರ ನುಡಿಯನ್ನು ಆಡಬಲ್ಲ ಮಗುವು ಭಾಗ್ಯಶಾಲಿಯೇ. ಆದರೆ ಆಟದಲ್ಲಿ ತಮಿಳು, ಅಂಗಡಿಯಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷು ಎಂದಾದ ಮೇಲೆ ಕನ್ನಡಕ್ಕೆ ಉಳಿಯುವುದು ಅಡಿಗೆಯ ಮನೆಯೂ ಸಂಜೆಯ ಗದರಿಕೆಯೂ ಮಾತ್ರವೇ ಎಂಬಂತಾಗಬಾರದು. 2015ರ ಕನ್ನಡ ಭಾಷಾ ಕಲಿಕೆಯ ಕಾಯಿದೆಯು ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಕಲಿಸಬೇಕೆಂದು ವಿಧಿಸಿರುವುದು. ಕಾಯಿದೆಯು ಪಾಠವನ್ನು ಏರ್ಪಡಿಸಬಲ್ಲದು. ಪ್ರೀತಿಯನ್ನು ಹುಟ್ಟಿಸುವ ಕೆಲಸವು ಮನೆಯವರದು.

“ಮಕ್ಕಳಿಗೆ ನಲಿವು, ಆಟ ಎಂದು ಹೇಳಿದರೆ ಶಿಸ್ತು ಎಲ್ಲಿ ಉಳಿಯುವುದು?” ಎಂದು ಕೆಲವರು ಹಿರಿಯರು ಕೇಳುವರು. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ” ಎಂಬ ಗಾದೆಯನ್ನೂ ಮುಂದಿಡುವರು. ಗಾದೆಯು ಸತ್ಯವೇ. ಆದರೆ ತೋಟದ ಕೆಲಸವನ್ನು ಬಲ್ಲವರನ್ನು ಕೇಳಿರಿ. ಎಳೆಯ ಗಿಡವನ್ನು ಬಗ್ಗಿಸಬೇಕಾದವನು ಒಂದೇ ದಿನದಲ್ಲಿ ಅದನ್ನು ಹಿಡಿದೆಳೆಯುವುದಿಲ್ಲ. ಕೋಲು ನೆಟ್ಟು, ಮೆತ್ತನೆಯ ನಾರಿನಿಂದ ಕಟ್ಟಿ, ದಿನಕ್ಕಿಷ್ಟು ಎಂದು ತಿರುಗಿಸುವನು. ರಭಸದಿಂದ ಎಳೆದರೆ ಗಿಡವು ಮುರಿಯುವುದು. ನಲಿವೆಂದರೆ ಚೆಲ್ಲಾಟವಲ್ಲ. ತನ್ನಿಂದ ಒಂದು ಕೆಲಸವು ಆಯಿತೆಂದು ತಿಳಿದಾಗ ಮಗುವಿನ ಮುಖದಲ್ಲಿ ಮೂಡುವ ಬೆಳಕಿದೆಯಲ್ಲ, ಅದೇ ನಾನು ಹೇಳುವ ನಲಿವು. ಆ ಬೆಳಕನ್ನು ಒಮ್ಮೆ ಕಂಡ ಮಗುವು ಶಿಸ್ತನ್ನು ತಾನೇ ತಂದುಕೊಳ್ಳುವುದು.

ಇದು ಪರದೇಶದಿಂದ ಬಂದ ಹೊಸ ಮಾತೆಂದು ತಿಳಿಯಬೇಡಿರಿ. ಪಂಚತಂತ್ರದ ಕಥೆಯು ಹುಟ್ಟಿದುದೇ ಈ ಪ್ರಶ್ನೆಯಿಂದ. ಓದನ್ನು ಒಲ್ಲದ ಮೂವರು ರಾಜಕುಮಾರರನ್ನು ವಿಷ್ಣುಶರ್ಮನಿಗೆ ಒಪ್ಪಿಸಿದಾಗ ಅವನು ಬೆತ್ತವನ್ನು ಹಿಡಿಯಲಿಲ್ಲ. ನರಿ, ಸಿಂಹ, ಕಾಗೆ, ಆಮೆಗಳ ಕಥೆಗಳನ್ನು ಹೇಳಿ ಆರು ತಿಂಗಳಲ್ಲಿ ಅವರನ್ನು ನೀತಿಕೋವಿದರನ್ನಾಗಿ ಮಾಡಿದನು. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಗಣಿತದಲ್ಲಿಯೂ ಹಾಗೆಯೇ. ನೃಪತುಂಗನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿಯೂ, 1150ರಲ್ಲಿ ಭಾಸ್ಕರಾಚಾರ್ಯನು ರಚಿಸಿದ ಲೀಲಾವತಿಯಲ್ಲಿಯೂ ಲೆಕ್ಕಗಳು ದುಂಬಿಗಳ ಹಿಂಡಾಗಿ, ಹಂಸಗಳ ಸಾಲಾಗಿ, ಹಣ್ಣಿನ ರಾಶಿಯಾಗಿ ಬರುವುವು. ಭಾಸ್ಕರನು ಒಬ್ಬ ಬಾಲೆಯನ್ನು ಸಂಬೋಧಿಸಿ ಪ್ರಶ್ನೆ ಕೇಳುವನು. ಅಷ್ಟು ದೊಡ್ಡ ಗಣಿತಜ್ಞನು ಮಗುವಿನ ಮಟ್ಟಕ್ಕೆ ಇಳಿದು ಕುಳಿತನೆಂದ ಮೇಲೆ ನಮಗೆ ಇಳಿಯಲು ನಾಚಿಕೆಯೇಕೆ?

ನಮ್ಮ ಹಳೆಯ ಐಗಳ ಮಠಗಳ ಪದ್ಧತಿಯನ್ನೂ ಪಕ್ಷಪಾತವಿಲ್ಲದೆ ನೋಡಬೇಕು. ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದಿಸುತ್ತಿದ್ದರು. ಮಗ್ಗಿಯನ್ನು ರಾಗವಾಗಿ ಹಾಡಿಸುತ್ತಿದ್ದರು. ಮಹಾನವಮಿಯ ಕಾಲದಲ್ಲಿ ಐಗಳು ಮಕ್ಕಳನ್ನು ಕಟ್ಟಿಕೊಂಡು ಮನೆಮನೆಗೂ ಹೋಗಿ ಚೌಪದಗಳನ್ನು ಹಾಡಿಸುತ್ತಿದ್ದರು. ಇವೆಲ್ಲವೂ ಕಣ್ಣು, ಕಿವಿ, ಕೈ, ಕಾಲುಗಳಿಗೆ ಒಟ್ಟಿಗೆ ಕೆಲಸ ಕೊಟ್ಟ ಉತ್ತಮ ಉಪಾಯಗಳು. 1939ರಲ್ಲಿ ಇಟಲಿ ದೇಶದ ಮರಿಯಾ ಮಾಂಟೆಸೊರಿಯವರು ಮದರಾಸಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟಾಗ ಅವರ ಸಲಕರಣೆಗಳಲ್ಲಿ ಒರಟು ಕಾಗದದ ಅಕ್ಷರಗಳಿದ್ದುವು. ಮಗುವು ಅವುಗಳ ಮೇಲೆ ಬೆರಳಾಡಿಸಿ ಅಕ್ಷರದ ಆಕಾರವನ್ನು ತಿಳಿಯಬೇಕು. ನಮ್ಮ ಅಕ್ಷರಾಭ್ಯಾಸದಲ್ಲಿ ತಟ್ಟೆಯ ಅಕ್ಕಿಯ ಮೇಲೆ ಬೆರಳಾಡಿಸುವುದೂ ಇದೇ ತತ್ತ್ವವೇ. ಆದರೆ ನಾವು ಅದನ್ನು ಒಂದು ದಿನದ ಶಾಸ್ತ್ರವಾಗಿ ಮಾಡಿ, ಮಾರನೆಯ ದಿನವೇ ಗೆರೆಯ ಪುಸ್ತಕವನ್ನು ಮಗುವಿನ ಮುಂದೆ ಎಸೆಯುವೆವು. ಅಕ್ಕಿಯ ತಟ್ಟೆಯು ಆರು ತಿಂಗಳು ಮನೆಯಲ್ಲಿದ್ದರೆ ಏನು ನಷ್ಟ? ಇನ್ನು ಆ ಹಳೆಯ ಮಠಗಳಲ್ಲಿ ಕೋದಂಡ ಹಾಕುವುದು ಮೊದಲಾದ ಘೋರ ಶಿಕ್ಷೆಗಳೂ ಇದ್ದುವು. ಅವುಗಳನ್ನು ನಮ್ಮ ಪರಂಪರೆಯೆಂದು ಹೊಗಳತಕ್ಕದ್ದಲ್ಲ. ಒಳ್ಳೆಯದನ್ನು ಉಳಿಸಿಕೊಂಡು ಕೆಟ್ಟದ್ದನ್ನು ಬಿಡುವುದೇ ವಿವೇಕಿಗಳ ಲಕ್ಷಣವು.

ಕನ್ನಡ ನಾಡಿನಲ್ಲಿ ಈ ವಿವೇಕವು ದೊಡ್ಡ ಪ್ರಮಾಣದಲ್ಲಿ ಪ್ರಯೋಗಕ್ಕೆ ಬಂದುದು 1995ರಲ್ಲಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಹಳ್ಳಿಯ ಶಾಲೆಗಳನ್ನು ಕಂಡುಬಂದು, ಯುನಿಸೆಫ್ ಸಂಸ್ಥೆಯ ನೆರವಿನಿಂದ “ನಲಿ-ಕಲಿ” ಎಂಬ ಪದ್ಧತಿಯನ್ನು ಆರಂಭಿಸಿದರು. 2009ರ ಸುಮಾರಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ವ್ಯಾಪಿಸಿತು. ಅಲ್ಲಿ ಮಕ್ಕಳು ಸಾಲಾಗಿ ಕುಳಿತು ಒಂದೇ ಪಾಠವನ್ನು ಕೂಗುವುದಿಲ್ಲ. ಪಾಠಗಳನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಾರ್ಡುಗಳ ಮೇಲೆ ಬರೆದಿರುವರು. ಪ್ರತಿಯೊಂದು ಮಗುವೂ ತನ್ನ ವೇಗಕ್ಕೆ ತಕ್ಕಂತೆ ಒಂದೊಂದೇ ಮೆಟ್ಟಿಲನ್ನು ಹತ್ತುವುದು. ಜ್ವರ ಬಂದು ಎಂಟು ದಿನ ಬಾರದ ಮಗುವು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುವುದು. ಹಿಂದುಳಿದೆನೆಂಬ ಅವಮಾನವು ಅದಕ್ಕೆ ಇಲ್ಲ.

ಆ ಪದ್ಧತಿಯಲ್ಲಿ ನನ್ನಂತಹ ವ್ಯಾಕರಣದವನಿಗೆ ಮೊದಲು ಆಶ್ಚರ್ಯವನ್ನೂ ಆಮೇಲೆ ಸಂತೋಷವನ್ನೂ ಉಂಟುಮಾಡಿದ ಸಂಗತಿಯೊಂದುಂಟು. ಅವರು ಅಕ್ಷರಮಾಲೆಯನ್ನು ಅ, ಆ, ಇ, ಈ ಎಂದು ಮೊದಲುಮಾಡುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಮೊದಲುಮಾಡುವರು. ವರ್ಣಗಳ ಕ್ರಮವು ಉಚ್ಚಾರಣೆಯ ಸ್ಥಾನವನ್ನು ಅನುಸರಿಸಿದ ಶಾಸ್ತ್ರೀಯವಾದ ಕ್ರಮವು. ಅದು ಎಂದಿಗೂ ಅಳಿಯತಕ್ಕದ್ದಲ್ಲ. ಆದರೆ ಮಗುವಿಗೆ ಮೊದಲು ಬೇಕಾದುದು ಶಾಸ್ತ್ರವಲ್ಲ, ಓದಿದೆನೆಂಬ ಧೈರ್ಯ. ಆ ಐದೇ ಅಕ್ಷರಗಳನ್ನು ಕಲಿತ ಮಗುವು ಸರ, ದರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ತಾನೇ ಕೂಡಿಸಿ ಓದಬಲ್ಲದು. ಐದು ಅಕ್ಷರಗಳ ಸಂಪಾದನೆಯಿಂದ ಒಂದು ಅರಸನೂ ಒಂದು ಗರಗಸವೂ ಅದರ ಕೈಗೆ ಬರುವುವು! ಎರಡನೆಯ ಗುಂಪಿನಲ್ಲಿ ಜ, ವ, ಮ, ಬ, ನ ಎಂಬ ಅಕ್ಷರಗಳು ಬರುವುವು. ಆಗ ಮರ, ವನ, ಜನ, ಗಜ, ನಮನ ಎಂಬುವನ್ನು ಓದಬಹುದು. ಮಾತೆಯರೇ, ಇನ್ನೊಂದು ಪದವನ್ನೂ ಗಮನಿಸಿರಿ. ಬ, ಸ, ವ ಎಂಬ ಮೂರು ಅಕ್ಷರಗಳೂ ಈ ಹತ್ತರಲ್ಲಿಯೇ ಇರುವುವು. ಕಾಗುಣಿತದ ಕಷ್ಟಕ್ಕೆ ಇನ್ನೂ ಕಾಲಿಡದ ನಿಮ್ಮ ಮಗುವು, ಕೇವಲ ಹತ್ತು ಅಕ್ಷರಗಳನ್ನು ಕಲಿತು, “ಬಸವ” ಎಂಬ ಹೆಸರನ್ನು ತಾನಾಗಿಯೇ ಓದಬಲ್ಲದು. ಆ ದಿವಸ ಮನೆಯಲ್ಲಿ ಒಂದಿಷ್ಟು ಪಾಯಸವನ್ನು ಮಾಡಿದರೆ ಅದು ದುಂದುವೆಚ್ಚವಾಗದು.

ಇದನ್ನು ಮನೆಯಲ್ಲಿ ಹೇಗೆ ಮಾಡತಕ್ಕದ್ದು? ಹಳೆಯ ಮದುವೆಯ ಪತ್ರಿಕೆಗಳ ದಪ್ಪ ಕಾಗದವನ್ನು ಕತ್ತರಿಸಿ ಅಕ್ಷರಕ್ಕೊಂದರಂತೆ ಚೀಟಿಗಳನ್ನು ಮಾಡಿರಿ. ಪದೇ ಪದೇ ಬರುವ ಅಕ್ಷರಗಳಿಗೆ ಎರಡೆರಡು ಚೀಟಿಗಳಿರಲಿ. ಚಾಪೆಯ ಮೇಲೆ ಹರಡಿ, “ನೀರಿನ ಹತ್ತಿರ ಬಟ್ಟೆ ಒಗೆಯುವವನು ಯಾರು?” ಎಂದು ಕೇಳಿರಿ. ಮಗುವು ಹುಡುಕಿ ಜೋಡಿಸಲಿ. ತಪ್ಪಾಗಿ ಜೋಡಿಸಿದರೆ ಅದನ್ನೇ ಗಟ್ಟಿಯಾಗಿ ಓದಿ ತೋರಿಸಿರಿ. ಮಗುವು ತಾನೇ ನಕ್ಕು ತಿದ್ದಿಕೊಳ್ಳುವುದು. ಒಂದು ಸಲಕ್ಕೆ ಕಾಲು ಗಂಟೆ ಸಾಕು. ಮಗುವು ಇನ್ನೂ ಬೇಕೆನ್ನುತ್ತಿರುವಾಗಲೇ ಆಟವನ್ನು ನಿಲ್ಲಿಸಿರಿ. ಊಟದಲ್ಲಿ ಒಂದು ತುತ್ತಿನ ಹಸಿವನ್ನು ಉಳಿಸಿಕೊಂಡು ಏಳುವ ಹಾಗೆ.

ಮುಂದೆ ಕಾಗುಣಿತವು ಬರುವುದು. ಅನೇಕ ಮನೆಗಳಲ್ಲಿ ಅಳುವು ಆರಂಭವಾಗುವುದು ಇಲ್ಲಿಂದಲೇ. ಲೆಕ್ಕ ಮಾಡಿ ನೋಡಿರಿ. ಕನ್ನಡದ ವರ್ಣಮಾಲೆಯಲ್ಲಿ 13 ಸ್ವರಗಳು, 34 ವ್ಯಂಜನಗಳು, 2 ಯೋಗವಾಹಗಳು, ಒಟ್ಟು 49. ಪ್ರತಿಯೊಂದು ವ್ಯಂಜನಕ್ಕೂ 15 ರೂಪಗಳಂತೆ 34 ವ್ಯಂಜನಗಳಿಗೆ 510 ರೂಪಗಳಾಗುವುವು. ಇದರ ಮೇಲೆ ಒತ್ತಕ್ಷರಗಳು ಬೇರೆ. ಇಂಗ್ಲಿಷಿನ 26 ಅಕ್ಷರಗಳನ್ನು ಒಂದು ವರ್ಷದಲ್ಲಿ ಕಲಿತ ಮಗುವು ಇದನ್ನು ಅಷ್ಟೇ ಕಾಲದಲ್ಲಿ ಕಲಿಯಲಿಲ್ಲವೆಂದು ಗದರಿಸುವುದು ನ್ಯಾಯವೇ? ಸೊನಾಲಿ ನಾಗ್ ಎಂಬ ವಿದುಷಿಯು ಕನ್ನಡ ಮಕ್ಕಳ ಓದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಅಕ್ಷರಜ್ಞಾನವು ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುವುದೆಂದು ತೋರಿಸಿದ್ದಾರೆ. ಆದುದರಿಂದ ಎರಡನೆಯ ತರಗತಿಯ ಮಗುವು ಒತ್ತಕ್ಷರದಲ್ಲಿ ತಡವರಿಸಿದರೆ ಅದು ದಡ್ಡತನವಲ್ಲ. ಅದು ದಾರಿಯ ಉದ್ದ. ನಡೆಯುವವನನ್ನು ಬೈದರೆ ದಾರಿಯು ಕಿರಿದಾಗುವುದಿಲ್ಲ. ಇಲ್ಲಿಯೂ ಒಂದು ಉಪಾಯವುಂಟು. ಮನೆಯವರ ಹೆಸರುಗಳನ್ನೇ ಕಾಗುಣಿತದ ಪಾಠವಾಗಿ ಮಾಡಿರಿ. ಅಜ್ಜಿಯ ಹೆಸರಿನಲ್ಲಿ ಎಷ್ಟು ಕೊಂಬು, ಎಷ್ಟು ದೀರ್ಘ, ಎಷ್ಟು ಒತ್ತು ಎಂದು ಹುಡುಕಲು ಹೇಳಿದರೆ ಮಕ್ಕಳು ಮನೆಯನ್ನೆಲ್ಲ ಎಣಿಸಿ ನೆರೆಮನೆಗೂ ಹೋಗುವರು.

ಗಣಿತಕ್ಕೆ ನಮ್ಮ ಅಟ್ಟದ ಮೇಲೆಯೇ ಸಲಕರಣೆಗಳಿರುವುವು. ಅಳಗುಳಿಮಣೆಯನ್ನು ಕೆಳಗಿಳಿಸಿರಿ. ಏಳೇಳರಂತೆ ಎರಡು ಸಾಲು, ಹದಿನಾಲ್ಕು ಗುಳಿಗಳು. ಗುಳಿಗೆ ಐದು ಹುಣಸೆಯ ಬೀಜಗಳಂತೆ ಹಾಕಿದರೆ ಒಟ್ಟು ಎಪ್ಪತ್ತು. ಯಾವ ಗುಳಿಯಿಂದ ಎತ್ತಿದರೆ ಕೊನೆಯ ಬೀಜವು ಎಲ್ಲಿ ಬೀಳುವುದೆಂದು ಮುಂದಾಗಿ ಎಣಿಸುವ ಮಗುವು ಕೂಡುವುದನ್ನೂ ಕಳೆಯುವುದನ್ನೂ ಯಾರೂ ಹೇಳದೆಯೇ ಕಲಿಯುವುದು. ದೊಡ್ಡ ಮಕ್ಕಳಿಗೆ ಚೌಕಾಬಾರವಿದೆ. ನಾಲ್ಕು ಕವಡೆಗಳು ಬೀಳಬಹುದಾದ ರೀತಿಗಳು ಹದಿನಾರು. ಅವುಗಳಲ್ಲಿ ಒಂದು ಬೀಳುವ ರೀತಿಗಳು ನಾಲ್ಕು, ಎರಡು ಬೀಳುವುವು ಆರು, ಮೂರು ಬೀಳುವುವು ನಾಲ್ಕು. ಚೌಕಕ್ಕೆ ಒಂದು, ಬಾರಕ್ಕೆ ಒಂದು. ಎರಡು ಏಕೆ ಪದೇ ಪದೇ ಬೀಳುವುದು, ಚೌಕವು ಏಕೆ ಅಪರೂಪವೆಂದು ಮಗುವೇ ಕಂಡುಹಿಡಿಯಲಿ. ಕವಡೆಯ ಎರಡು ಮೈಗಳೂ ಸಮಾನವಲ್ಲವಾದ್ದರಿಂದ ಲೆಕ್ಕಕ್ಕೂ ಆಟಕ್ಕೂ ಸ್ವಲ್ಪ ವ್ಯತ್ಯಾಸವು ಕಂಡುಬರುವುದು. ನೂರು ಸಲ ಹಾಕಿ, ಗೋಡೆಯ ಕಾಗದದ ಮೇಲೆ ಗೀಟೆಳೆದು, ಆ ವ್ಯತ್ಯಾಸವೆಷ್ಟೆಂದು ನೋಡಲಿ. ಶಾಲೆಯಲ್ಲಿ ಮುಂದೆ ಸಂಭವನೀಯತೆಯೆಂಬ ಭಾರವಾದ ಹೆಸರಿನಿಂದ ಬರುವ ಗಣಿತವು ಇದೇ ಆಗಿರುವುದು.

ಮನೆಯ ಹೊರಗೆ ಊರೇ ಒಂದು ಪುಸ್ತಕವು. 2011ರಲ್ಲಿ ಬೆಂಗಳೂರಿನ ಮೊದಲ ಮೆಟ್ರೋ ರೈಲು ಓಡಿದುದು ನಮ್ಮ ಈ ಭಾಗದಲ್ಲಿಯೇ, ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ. 2023ರಲ್ಲಿ ಆ ದಾರಿಯು ಕೃಷ್ಣರಾಜಪುರಕ್ಕೂ ಕೂಡಿಕೊಂಡಿತು. ಟ್ರಿನಿಟಿ, ಹಲಸೂರು, ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ, ಬೈಯಪ್ಪನಹಳ್ಳಿ, ಬೆನ್ನಿಗಾನಹಳ್ಳಿ ಎಂಬ ಹಲಗೆಗಳು ಕನ್ನಡದಲ್ಲಿ ದೊಡ್ಡ ಅಕ್ಷರಗಳಿಂದ ಬರೆದಿರುವುವು. ರೈಲು ನಿಲ್ಲುವುದರೊಳಗಾಗಿ ಓದಬೇಕೆಂಬ ಪಂಥವನ್ನು ಕಟ್ಟಿರಿ. ಸರಳವಾದ “ಹಲಸೂರು” ಮೊದಲು. ಒತ್ತುಗಳುಳ್ಳ “ಬೆನ್ನಿಗಾನಹಳ್ಳಿ” ಆಮೇಲೆ. “ಹಲಸು, ಊರು ಎರಡೂ ಕೂಡಿದಾಗ ಹಲಸೂರು ಆಯಿತು, ನಡುವಿನ ಒಂದು ಉಕಾರವು ಎಲ್ಲಿ ಹೋಯಿತು?” ಎಂದು ಕೇಳಿದರೆ ಲೋಪಸಂಧಿಯ ಪಾಠವು ಅಲ್ಲಿಯೇ ಮುಗಿಯಿತು. ಈ ಸಂಧಿಯನ್ನು ನಾನು ಪಾಠಶಾಲೆಯಲ್ಲಿ ಸೂತ್ರದ ಮೂಲಕ ಕಲಿತೆನು. ನಿಮ್ಮ ಮಕ್ಕಳಿಗೆ ಅದು ರೈಲಿನ ಕಿಟಕಿಯಿಂದ ದೊರೆಯುವುದು.

ಕೃಷ್ಣರಾಜಪುರದ ಕಡೆಯ ಮಕ್ಕಳಿಗೆ ಹೇಳತಕ್ಕ ಇನ್ನೊಂದು ಕಥೆಯುಂಟು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯು ಬೆಂಗಳೂರಿನ ಪೂರ್ವದಿಕ್ಕಿನ ಬಯಲಿನಲ್ಲಿ ಸುಮಾರು ಏಳೂವರೆ ಮೈಲಿಗಳ ಒಂದು ನೇರವಾದ ಗೆರೆಯನ್ನು ಅಳೆದನು. ಅವನ ಸರಪಳಿಯು ಚೀನಾ ದೇಶದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ ಸ್ವೀಕೃತವಾಗದೆ ಹಿಂದಿರುಗಿದ ಉಕ್ಕಿನ ಸರಪಳಿ. ಎರಡೂವರೆ ಅಡಿಯ ನಲವತ್ತು ಕೊಂಡಿಗಳು, ಒಟ್ಟು ನೂರು ಅಡಿಗಳು. ಅದನ್ನು ಸುಮಾರು ನಾನ್ನೂರು ಸಲ ಹಾಸಿ ಎತ್ತಿದರು. 1802ರಲ್ಲಿ ಮದರಾಸಿನ ಬಳಿ ಆರಂಭವಾಗಿ, ಭಾರತವನ್ನೆಲ್ಲ ಅಳೆದ ಮಹಾ ತ್ರಿಕೋನಮಿತಿಯ ಸರ್ವೇಕ್ಷಣೆಗೆ ಇದು ಪೂರ್ವಸಿದ್ಧತೆಯಾಯಿತು. ಈ ಕಥೆಯನ್ನು ಹೇಳಿ ಮಗುವಿನ ಕೈಗೆ ಹತ್ತು ಅಡಿಯ ಹಗ್ಗವನ್ನು ಕೊಡಿರಿ. ಮನೆಯಿಂದ ಬೀದಿಯ ಕೊನೆಯವರೆಗೆ ಎಷ್ಟು ಹಗ್ಗವೆಂದು ಅಳೆಯಲಿ. ಹಗ್ಗವನ್ನು ಬಿಗಿಯಾಗಿ ಹಿಡಿಯದಿದ್ದರೆ ಅಳತೆಯು ತಪ್ಪುವುದೆಂಬುದನ್ನು ಯಾರೂ ಹೇಳಬೇಕಾಗಿಲ್ಲ.

ಮನೆಯ ಕೆಲಸವೂ ವಿದ್ಯೆಯೇ. ಕಾಯಕವನ್ನು ಪೂಜೆಗೆ ಸಮನಾಗಿ ಕಂಡ ಶರಣರ ಮಕ್ಕಳಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ದಾಸೋಹದ ದಿವಸ ಐವತ್ತು ಜನರಿಗೆ ಎಷ್ಟು ಅಕ್ಕಿ, ಪಂಕ್ತಿಗೆ ಎಷ್ಟು ಎಲೆ ಎಂಬ ಲೆಕ್ಕವನ್ನು ಮಗುವು ಮಾಡಲಿ. ರಸೆಲ್ ಮಾರುಕಟ್ಟೆಗೆ ಹೋಗುವಾಗ ಬೇಕಾದ ಹಣ್ಣು ತರಕಾರಿಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆಯುವ ಅಧಿಕಾರವನ್ನು ಮಗುವಿಗೇ ಕೊಡಿರಿ. “ಬದನೆಕಾಯಿ” ಎಂಬುದನ್ನು ತಪ್ಪಾಗಿ ಬರೆದರೂ ಬದನೆಕಾಯಿಯೇ ಮನೆಗೆ ಬರುವುದು. ಬರೆದ ಕೈಗೆ ಮಾತ್ರ ಹೆಮ್ಮೆಯುಂಟಾಗುವುದು. ತಾನು ಬರೆದುದರಿಂದ ಲೋಕದಲ್ಲಿ ಒಂದು ಕೆಲಸವು ನಡೆಯಿತೆಂಬ ಅರಿವು ನೂರು ಪುಟಗಳ ಕಾಪಿಗಿಂತ ಮೇಲು.

ತಂದೆಯರಿಗೂ ಒಂದು ಮಾತು. ಮಕ್ಕಳ ಓದು ತಾಯಿಯ ಕೆಲಸವೆಂದು ಪತ್ರಿಕೆಯ ಹಿಂದೆ ಮುಖವನ್ನು ಮರೆಸಿಕೊಳ್ಳಬೇಡಿರಿ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರಿದ್ದರು. ಅವರು ವಕೀಲಿಯನ್ನು ಬಿಟ್ಟು 1920ರಲ್ಲಿ ಬಾಲಮಂದಿರವನ್ನು ಸ್ಥಾಪಿಸಿ, ಹೊಡೆತವಿಲ್ಲದೆ ಕಥೆ ಮತ್ತು ಆಟಗಳಿಂದ ಮಕ್ಕಳಿಗೆ ಕಲಿಸಿದರು. ಜನರು ಅವರನ್ನು ಪ್ರೀತಿಯಿಂದ “ಮೀಸೆಯುಳ್ಳ ತಾಯಿ” ಎಂದು ಕರೆದರು. ಇದಕ್ಕಿಂತ ದೊಡ್ಡ ಬಿರುದು ಗಂಡಸಿಗೆ ಇನ್ನೇನು ಬೇಕು? ನಮ್ಮ ನಾಡಿನಲ್ಲಿಯೂ ಪಂಜೆ ಮಂಗೇಶರಾಯರು ಕವಿಶಿಷ್ಯನೆಂಬ ಹೆಸರಿನಿಂದ ಮಕ್ಕಳಿಗಾಗಿ ಪದ್ಯಗಳನ್ನು ಬರೆದರು, ಜಿ. ಪಿ. ರಾಜರತ್ನಂ ಅವರು ಶಿಶುಗೀತೆಗಳನ್ನು ಕಟ್ಟಿದರು; ಶಿವರಾಮ ಕಾರಂತರು 1936ರಲ್ಲಿ ಬಾಲಪ್ರಪಂಚವೆಂಬ ಗ್ರಂಥವನ್ನು ಮೂರು ಸಂಪುಟಗಳಲ್ಲಿ ಮಕ್ಕಳ ಕೈಗಿತ್ತರು. ಇಷ್ಟು ದೊಡ್ಡವರು ಮಕ್ಕಳಿಗಾಗಿ ವೇಳೆಯನ್ನು ಮಾಡಿಕೊಂಡರು. ನಮಗೆ ರಾತ್ರಿಯ ಊಟದ ಮುಂಚೆ ಕಾಲು ಗಂಟೆ ದೊರೆಯದೆ?

ಓದುಬರಹವಿಲ್ಲದ ತಾಯ್ತಂದೆಗಳು, ಬೆಳಗಿನಿಂದ ರಾತ್ರಿಯವರೆಗೆ ದುಡಿಯುವವರು, “ನಾವೇನು ಕಲಿಸಬಲ್ಲೆವು?” ಎಂದು ಕೇಳಬಹುದು. ಅವರಿಗೆ ನನ್ನ ಉತ್ತರವು ಇದು: ನೀವು ಕಲಿಸಬೇಡಿರಿ, ಕಲಿಯಿರಿ. “ಮಗಳೇ, ಇವತ್ತು ಶಾಲೆಯಲ್ಲಿ ಕಲಿತದ್ದನ್ನು ನನಗೆ ಹೇಳಿಕೊಡವ್ವಾ” ಎಂದು ಕುಳಿತುಕೊಳ್ಳಿರಿ. ಮಗುವು ಗುರುವಾಗುವುದು, ಹೇಳಿಕೊಡುವಾಗ ಅದಕ್ಕೆ ಗಟ್ಟಿಯಾಗಿ ನಿಲ್ಲುವುದು. ಅಜ್ಜಿಗೆ ಒಗಟುಗಳು ಗೊತ್ತು, ಅಜ್ಜನಿಗೆ ವಚನಗಳು ಗೊತ್ತು. ಹನ್ನೆರಡನೆಯ ಶತಮಾನದ ಶರಣರು ತಮ್ಮ ಅನುಭಾವವನ್ನು ಮನೆಯ ನುಡಿಯಲ್ಲಿಯೇ ಹೇಳಿದರು. ಆ ಕಾರಣದಿಂದಲೇ ಅಕ್ಷರವನ್ನರಿಯದ ಬಾಯಿಗಳಲ್ಲಿಯೂ ವಚನಗಳು ಉಳಿದುವು. ಅಜ್ಜನು ಹೇಳಿದ ಚಿಕ್ಕ ವಚನವನ್ನು ಮೊಮ್ಮಗಳು ಬರೆದುಕೊಳ್ಳಲಿ. ಒಂದು ವರ್ಷದಲ್ಲಿ ಅವಳದೇ ಕೈಬರಹದ ಒಂದು ಪುಸ್ತಕವಾಗುವುದು. ನೆರೆಯ ತಮಿಳು ಅಥವಾ ಉರ್ದು ಮನೆಯ ಮಕ್ಕಳು ಆಟಕ್ಕೆ ಬಂದರೆ ಅವರನ್ನೂ ಚಾಪೆಯ ಮೇಲೆ ಕೂರಿಸಿಕೊಳ್ಳಿರಿ. ಅವರ ಒಗಟುಗಳನ್ನು ನಿಮ್ಮ ಮಕ್ಕಳೂ ಕೇಳಲಿ.

ಕೊನೆಯದಾಗಿ ಕೆಲವು ನಿಷೇಧಗಳನ್ನೂ ಹೇಳಬೇಕಾಗಿರುವುದು. ಹೊಡೆಯಬೇಡಿರಿ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ಶಾಲೆಯಲ್ಲಿ ಮಗುವಿನ ದೇಹವನ್ನು ದಂಡಿಸುವುದನ್ನೂ ಮನಸ್ಸನ್ನು ನೋಯಿಸುವುದನ್ನೂ ನಿಷೇಧಿಸಿರುವುದು. ಗುರುವಿಗೆ ನಿಷಿದ್ಧವಾದ ಬೆತ್ತವು ತಾಯ್ತಂದೆಗಳ ಕೈಯಲ್ಲಿ ಇರುವುದು ತರವಲ್ಲ. ಪಕ್ಕದ ಮನೆಯ ಮಗುವಿನೊಡನೆ ಹೋಲಿಸಬೇಡಿರಿ. ಹೋಲಿಕೆಯಿಂದ ವಿದ್ಯೆಯು ಹುಟ್ಟುವುದಿಲ್ಲ, ದ್ವೇಷವು ಹುಟ್ಟುವುದು. ಪ್ರತಿಯೊಂದು ಓದಿಗೂ ಮಿಠಾಯಿಯ ಆಸೆಯನ್ನು ತೋರಿಸಬೇಡಿರಿ. ನಾಳೆ ಮಿಠಾಯಿಯಿಲ್ಲದ ಓದು ಬೇಡವಾಗುವುದು. ಅಳುವ ಮಗುವಿನ ಕೈಗೆ ಮೊಬೈಲನ್ನು ಕೊಟ್ಟು ಅದನ್ನೇ ನಲಿವೆಂದು ಭ್ರಮಿಸಬೇಡಿರಿ. ಅದರಲ್ಲಿ ಒಳ್ಳೆಯ ಕಥೆಯೂ ಹಾಡೂ ಉಂಟು, ಇಲ್ಲವೆನ್ನಲಾರೆನು. ಆದರೆ ಪಕ್ಕದಲ್ಲಿ ಕುಳಿತು ಜೊತೆಯಲ್ಲಿ ನೋಡಿ, ಆಮೇಲೆ “ಆ ನರಿ ಏಕೆ ಹಾಗೆ ಮಾಡಿತು?” ಎಂದು ಕೇಳುವ ಮನುಷ್ಯರಿಲ್ಲದಿದ್ದರೆ ಅದು ಕಣ್ಣಿಗೆ ಹೊತ್ತುಗಳೆಯುವ ವಸ್ತುವಾಗಿ ಉಳಿಯುವುದು.

ಹಲಸೂರಿನ ಆ ತಾಯಿಗೆ ನಾನು ಇಷ್ಟನ್ನೆಲ್ಲ ಒಂದೇ ದಿವಸ ಹೇಳಲಿಲ್ಲ. ಹತ್ತು ಚೀಟಿಗಳನ್ನು ಮಾತ್ರ ಮಾಡಿಕೊಳ್ಳಲು ಹೇಳಿದೆನು. ಎರಡು ತಿಂಗಳ ಮೇಲೆ ಬಂದಾಗ, ಹುಡುಗನು ಒತ್ತಕ್ಷರದಲ್ಲಿ ಇನ್ನೂ ಎಡವುವನೆಂದೂ, ಆದರೆ ಹೊಟ್ಟೆನೋವಿನ ಮಾತು ನಿಂತಿತೆಂದೂ ತಿಳಿಸಿದಳು. ಇದು ಪವಾಡವಲ್ಲ, ಒಂದು ಆರಂಭವು ಮಾತ್ರ. ಓದು ಬರುವುದಕ್ಕೆ ಮೊದಲು ಭಯವು ಹೋಗಬೇಕು.

ಆದುದರಿಂದ ಈ ಮಹೋತ್ಸವದ ಸ್ಮರಣೆಗಾಗಿ ನನ್ನದೊಂದು ಬಿನ್ನಹವಿರುವುದು. ಇಲ್ಲಿ ನೆರೆದಿರುವ ಪ್ರತಿಯೊಂದು ಮನೆಯವರೂ ದಿನಕ್ಕೆ ಕಾಲು ಗಂಟೆಯನ್ನು ಮಕ್ಕಳ ಚಾಪೆಗಾಗಿ ಮೀಸಲಿಡುವ ಸಂಕಲ್ಪವನ್ನು ಮಾಡಬೇಕು. ಲಿಂಗಪೂಜೆಯ ಹೊತ್ತಿನಂತೆ ಈ ಹೊತ್ತೂ ತಪ್ಪದಿರಲಿ. ಅಳಗುಳಿಮಣೆಯೋ ಅಕ್ಷರದ ಚೀಟಿಗಳೋ ಮನೆಯಲ್ಲಿಲ್ಲದವರು ಭಾನುವಾರದ ಬೆಳಿಗ್ಗೆ ಶ್ರೀಮಠದ ಜಗಲಿಗೆ ಮಕ್ಕಳನ್ನು ಕರೆತನ್ನಿರಿ. ನಾನೂ ನನ್ನ ಹುಣಸೆಯ ಬೀಜಗಳೂ ಅಲ್ಲಿ ಸಿದ್ಧರಾಗಿರುವೆವು. ಮುಂದಿನ ಮಹೋತ್ಸವದ ಸಂಚಿಕೆಯು ಅಚ್ಚಾಗುವ ಕಾಲಕ್ಕೆ ನಮ್ಮಲ್ಲಿ ಅನೇಕರು ಇರಲಾರೆವು. ಇಂದು ಐದು ಅಕ್ಷರಗಳನ್ನು ಜೋಡಿಸುವ ಮಕ್ಕಳು ಅಂದು ಅದನ್ನು ಓದುವವರಾಗಲಿ. ಅವರಲ್ಲಿ ಕೆಲವರು ಅದನ್ನು ಬರೆಯುವವರೂ ಆಗಲಿ.